ಸಳನ ಶಿಲ್ಪದಿಂದ ಅಡ್ರಿನಲಿನ್ ಪಾಠಕ್ಕೆ

ಬೋಧನಾಭ್ಯಾಸದ ಅವಧಿಯಲ್ಲಿ ಅರಸೀಕೆರೆಯ ಶಾಲೆಯೊಂದರ ಹತ್ತನೆಯ ತರಗತಿಗೆ ನಾನು ಹಾರ್ಮೋನುಗಳ ಪಾಠ ಮಾಡಿದೆ. ಅಡ್ರಿನಲಿನ್ ಎಂಬುದು ಮಕ್ಕಳಿಗೆ ಬರೀ ಬಾಯಿಪಾಠದ ಹೆಸರಾಗಬಾರದು ಎಂಬುದು ಪಾಠದ ಉದ್ದೇಶ.

ಪೀಠಿಕೆ: ಬೇಲೂರಿನ ದೇವಾಲಯದಲ್ಲಿರುವ, ಸಳನು ಸಿಂಹದೊಡನೆ ಸೆಣಸುವ ಶಿಲ್ಪದ ಚಿತ್ರ ತೋರಿಸಿದೆ. ಬೇಲೂರು, ಹಳೇಬೀಡಿಗೆ ಪ್ರವಾಸ ಹೋಗಿದ್ದ ಮಕ್ಕಳು ಕೂಡಲೇ ಗುರುತಿಸಿದರು. “ಐತಿಹ್ಯದ ಆ ಗಳಿಗೆಯಲ್ಲಿ ಸಳನ ದೇಹದೊಳಗೆ ಏನಾಗಿರಬಹುದು?” ಎಂದು ಕೇಳಿದೆ. ಎದೆಬಡಿತ, ಏದುಸಿರು, ಬೆವರು ಎಂದು ಉತ್ತರಗಳು ಬಂದವು.

ವಿಷಯ ಮಂಡನೆ: ಎರಡೂ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಅಡ್ರಿನಲ್ ಗ್ರಂಥಿಗಳಿವೆ. ಅಪಾಯ ಕಂಡಾಗ ಮಿದುಳಿನ ಸೂಚನೆ ನರಗಳ ಮೂಲಕ ಗ್ರಂಥಿಯ ಒಳಭಾಗವನ್ನು ತಲುಪುತ್ತದೆ. ಅಲ್ಲಿಂದ ಅಡ್ರಿನಲಿನ್ ನೇರವಾಗಿ ರಕ್ತಕ್ಕೆ ಸೇರುತ್ತದೆ. ಹೃದಯ ವೇಗವಾಗಿ ಬಡಿಯುತ್ತದೆ, ಶ್ವಾಸನಾಳಗಳು ಹಿಗ್ಗುತ್ತವೆ, ಯಕೃತ್ತಿನ ಗ್ಲೈಕೋಜನ್ ಗ್ಲೂಕೋಸ್ ಆಗಿ ರಕ್ತಕ್ಕೆ ಬರುತ್ತದೆ. ಜೀರ್ಣಾಂಗಗಳ ಕೆಲಸ ನಿಧಾನವಾಗುತ್ತದೆ.

ಇದರ ಒಂದು ಅಣುವಿನಲ್ಲಿ 9 ಕಾರ್ಬನ್, 13 ಹೈಡ್ರೋಜನ್, 1 ನೈಟ್ರೋಜನ್, 3 ಆಕ್ಸಿಜನ್ ಪರಮಾಣುಗಳಿವೆ. ಕಾಳು, ಹಾಲು, ಮೊಟ್ಟೆಯ ಪ್ರೋಟೀನಿನಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ದೇಹ ಇದನ್ನು ಹಂತಹಂತವಾಗಿ ತಯಾರಿಸುತ್ತದೆ. ಜಪಾನಿನ ಜೋಕಿಚಿ ಟಕಾಮಿನೆ ಮತ್ತು ಅವರ ಸಹಾಯಕ ಕೈಜೊ ಉಎನಾಕಾ 1900ರಲ್ಲಿ ಪ್ರಾಣಿಗಳ ಗ್ರಂಥಿಯಿಂದ ಇದನ್ನು ಹರಳಾಗಿ ಬೇರ್ಪಡಿಸಿದರು. 1904ರಲ್ಲಿ ಜರ್ಮನಿಯ ಫ್ರೀಡ್ರಿಕ್ ಸ್ಟೋಲ್ಜ್ ಪ್ರಯೋಗಾಲಯದಲ್ಲಿ ತಯಾರಿಸಿದರು.

ಚಟುವಟಿಕೆ: ಮಕ್ಕಳು 15 ಸೆಕೆಂಡು ನಾಡಿ ಎಣಿಸಿ 4ರಿಂದ ಗುಣಿಸಿದರು. “ಈಗ ಒಬ್ಬರನ್ನು ಮುಂದೆ ಕರೆದು ಪ್ರಶ್ನೆ ಕೇಳುತ್ತೇನೆ” ಎಂದು ಹೇಳಿ ಮತ್ತೆ ಎಣಿಸಲು ತಿಳಿಸಿದೆ. ಹಲವರ ಸಂಖ್ಯೆ ಏರಿತ್ತು. ಇದು ಅಡ್ರಿನಲಿನ್ ಒಂದರದೇ ಕೆಲಸವಲ್ಲ. ಮೊದಲು ಹೃದಯಕ್ಕೆ ಹೋಗುವ ನರಗಳು ಚುರುಕಾಗುತ್ತವೆ, ಹಾರ್ಮೋನು ರಕ್ತದೊಡನೆ ಹಿಂದಿನಿಂದ ಬರುತ್ತದೆ ಎಂದು ಸ್ಪಷ್ಟಪಡಿಸಿದೆ.

ಆಗ ಬೇಲೂರಿನ ಮಲೆನಾಡು ಭಾಗದಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. “ಮಿಸ್, ತೋಟದಲ್ಲಿ ಆನೆ ಕಂಡು ನಮ್ಮಣ್ಣ ಓಡಿಬಂದ. ಎಲ್ರೂ ಅವನನ್ನ ಹೇಡಿ ಅಂತಾರೆ. ಅವನಿಗೆ ಅಡ್ರಿನಲಿನ್ ಕಮ್ಮಿಯಾ?” ತರಗತಿ ನಗಲಿಲ್ಲ.

ಕಮ್ಮಿಯಲ್ಲ ಎಂದೆ. ಹೋರಾಡಲೂ ಓಡಲೂ ದೇಹದ ಸಿದ್ಧತೆ ಒಂದೇ; ಅಮೆರಿಕದ ವಾಲ್ಟರ್ ಕ್ಯಾನನ್ 1915ರ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಸಳನ ತೋಳಿಗೆ ಬೇಕಾದ ಗ್ಲೂಕೋಸೇ ನಿಮ್ಮಣ್ಣನ ಕಾಲಿಗೂ ಬೇಕು. ಆನೆಯ ಎದುರು ದೂರ ಸರಿದದ್ದು ವಿವೇಕ. ಅವಳು ಆ ವಾಕ್ಯವನ್ನು ನೋಟ್ಸಿನಲ್ಲಿ ಬರೆದುಕೊಂಡಳು.

ಮೌಲ್ಯಮಾಪನ: ನರದ ಸಂದೇಶಕ್ಕೂ ಹಾರ್ಮೋನಿನ ಸಂದೇಶಕ್ಕೂ ಇರುವ ಎರಡು ವ್ಯತ್ಯಾಸ ಬರೆಯಿರಿ. ಊಟದ ಹೊತ್ತಿಗೆ ಗಾಬರಿಯಾದರೆ ಅನ್ನ ಸೇರುವುದಿಲ್ಲ, ಏಕೆ? ಎರಡನೆಯ ಪ್ರಶ್ನೆಗೆ ಮಕ್ಕಳು ಸ್ವಂತ ಮಾತಿನಲ್ಲೇ ಉತ್ತರ ಬರೆದರು.