ಹೆಬ್ಬೆರಳು ಒಪ್ಪದಿದ್ದರೆ ಹಕ್ಕು ತಪ್ಪೀತೆ?

ಕಲ್ಯಾಣ, ನವಿಮುಂಬಯಿಗಳ ಕೂಲಿನಾಕಾಗಳಲ್ಲಿ ಕರಣಿ, ಬುಟ್ಟಿಗಳನ್ನು ಹಿಡಿದು ಮುಂಜಾನೆ ಮುಕಾದಮನ ಬರವನ್ನು ಕಾಯುವ ಕಲಬುರಗಿ, ವಿಜಯಪುರ ಸೀಮೆಯ ನಮ್ಮ ಜನರ ಕೈಗಳನ್ನು ಕಂಡವರಿಗೆ, ಸಿಮೆಂಟಿನಿಂದ ಸವೆದ ಆ ಹೆಬ್ಬೆರಳನ್ನು ರೇಷನ್ ಅಂಗಡಿಯ ಯಂತ್ರವು ಏಕೆ ಗುರುತಿಸಲಾರದೆಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ಯಂತ್ರವು ಒಲ್ಲೆನೆಂದ ಮಾತ್ರಕ್ಕೆ ಹಕ್ಕು ಲುಪ್ತವಾಗದೆಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕಾಗಿದೆ. ಬೆರಳಚ್ಚು ಹೊಂದದಿರುವುದಾಗಲಿ, ನೆಟ್‌ವರ್ಕ್ ಸಿಗದಿರುವುದಾಗಲಿ ಪಡಿತರ ನಿರಾಕರಣೆಗೆ ಕಾರಣವಾಗಕೂಡದೆಂದು ಕೇಂದ್ರ ಸರ್ಕಾರವು 2017ರ ಅಕ್ಟೋಬರ್ 24ರಂದೇ ರಾಜ್ಯಗಳಿಗೆ ಸೂಚಿಸಿತ್ತು. ಮಹಾರಾಷ್ಟ್ರ, ಕರ್ನಾಟಕಗಳೆರಡೂ 2020ರ ಜನವರಿಯಲ್ಲಿ ಏಕ ಪಡಿತರ ಚೀಟಿಯ ವ್ಯವಸ್ಥೆಗೆ ಸೇರಿರುವುದರಿಂದ ಊರಿನ ಚೀಟಿಗೆ ಇಲ್ಲಿಯೂ ಧಾನ್ಯವುಂಟು. ಆ ಸೌಲಭ್ಯವೂ ಮತ್ತದೇ ಬೆರಳಚ್ಚನ್ನೇ ನೆಚ್ಚಿಕೊಂಡಿರುವುದು ವಿಡಂಬನೆಯೇ ಸರಿ.

ಯಂತ್ರವು ಒಲ್ಲೆನೆಂದರೂ ಹಕ್ಕು ಅಳಿಯದೆಂಬ ಮಾತಿಗೆ ನ್ಯಾಯಾಲಯದ ಬೆಂಬಲವೂ ಇದೆ. ಆಮ್ಲದಾಳಿಯಿಂದ ಕಣ್ಣು ಕೆಟ್ಟ ಮಹಿಳೆಯೊಬ್ಬರಿಗೆ, ಗುರುತು ಪರೀಕ್ಷೆಯ ಕ್ಯಾಮೆರಾದ ಮುಂದೆ ರೆಪ್ಪೆ ಮಿಟುಕಿಸಲಾಗದ ಕಾರಣದಿಂದ ಬ್ಯಾಂಕ್ ಖಾತೆಯೇ ದುರ್ಲಭವಾದ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳ ಪ್ರಾಪ್ತಿಯು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಅವಿಭಾಜ್ಯ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲ್ 30ರಂದು ಘೋಷಿಸಿತು.

ಆದರೂ ಕಚೇರಿಯ ಕಿಟಕಿಯಲ್ಲಿ ಕೆಲಸಕ್ಕೆ ಬರುವುದು ಕಾಗದವೇ. ಸರ್ಕಾರಿ ಅರ್ಜಿಗಳನ್ನು ಸ್ವೀಕರಿಸುವ ಸೇತು ಕೇಂದ್ರದಲ್ಲಿ ‘ಸರ್ವರ್ ಡೌನ್, ನಾಳೆ ಬಾ’ ಎಂದರೆ ಬರಿಗೈಯಲ್ಲಿ ಹಿಂದಿರುಗಬೇಡಿ. 2015ರ ಮಹಾರಾಷ್ಟ್ರ ಲೋಕಸೇವಾ ಹಕ್ಕು ಕಾಯಿದೆಯಂತೆ, ಅಧಿಸೂಚಿತ ಸೇವೆಗಳ ಅರ್ಜಿಗೆ ದಿನಾಂಕ, ಕ್ರಮಸಂಖ್ಯೆ, ಅವಧಿಗಳುಳ್ಳ ರಸೀತಿಯನ್ನೂ, ತಿರಸ್ಕರಿಸಿದರೆ ಲಿಖಿತ ಕಾರಣವನ್ನೂ ಕೊಡತಕ್ಕದ್ದು. ತಿರಸ್ಕಾರವಾದ ಅಥವಾ ಅವಧಿ ಮೀರಿದ 30 ದಿನಗಳೊಳಗೆ ಮೊದಲನೆಯ ಮೇಲ್ಮನವಿ, ಅನಂತರ ಎರಡನೆಯದು, ಕಡೆಗೆ ಸೇವಾ ಹಕ್ಕು ಆಯೋಗ. ತಪ್ಪಿತಸ್ಥ ಅಧಿಕಾರಿಗೆ 500ರಿಂದ 5,000 ರೂಪಾಯಿಗಳವರೆಗೆ ದಂಡವುಂಟು.

ಅರ್ಜಿ ಏನಾಯಿತೆಂದು ಕೇಳಲು ಮಾಹಿತಿ ಹಕ್ಕಿನ ದಾರಿಯೂ ಉಂಟು. ಬರೆಯಲಾರದವನ ಬಾಯಿಮಾತನ್ನು ಬರಹಕ್ಕಿಳಿಸಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯವೆಂದು 2005ರ ಮಾಹಿತಿ ಹಕ್ಕು ಕಾಯಿದೆಯ 6ನೆಯ ಕಲಮು ವಿಧಿಸಿದೆಯಾದರೂ, ಮಹಾರಾಷ್ಟ್ರದಲ್ಲಿ ಆ ಅರ್ಜಿಯು ಮರಾಠಿ, ಹಿಂದಿ ಇಲ್ಲವೆ ಇಂಗ್ಲಿಷಿನಲ್ಲಿರಬೇಕು, ಕನ್ನಡಕ್ಕೆ ಎಡೆಯಿಲ್ಲ. ನಮ್ಮ ಸಂಘಗಳ ಕೆಲಸವಿರುವುದು ಇಲ್ಲಿಯೇ. ಡೊಂಬಿವಲಿ, ಥಾಣೆ, ನವಿಮುಂಬಯಿಗಳ ಕನ್ನಡ ಸಂಘಗಳು ಯಕ್ಷಗಾನ, ರಾಜ್ಯೋತ್ಸವಗಳಿಗೆ ತೋರುವ ಉತ್ಸಾಹದ ಒಂದಂಶವನ್ನು ಭಾನುವಾರದ ಒಂದು ಮೇಜಿಗೆ ಮೀಸಲಿಟ್ಟು, ಮರಾಠಿ ಬಲ್ಲ ಇಬ್ಬರು ತರುಣರನ್ನೂ ಒಂದು ಫೋನನ್ನೂ ಅಲ್ಲಿ ಇರಿಸಿದರೆ, ಅರ್ಜಿ, ಮೇಲ್ಮನವಿಗಳೆಲ್ಲ ಅಲ್ಲಿಯೇ ಸಿದ್ಧವಾದಾವು. ಅಲ್ಲಿಗೂ ಮುಗಿಯದ ತಕರಾರಿಗೆ ಥಾಣೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ: ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಅಂಗವಿಕಲರಿಗೂ ಆದಾಯದ ಮಿತಿಯಿಲ್ಲದೆ ವಕೀಲರ ನೆರವು ಉಚಿತ, ಸಹಾಯವಾಣಿಯ ಸಂಖ್ಯೆ 15100.