ಹಾರ ಹಾಕುವ ಮೊದಲು

ತಮ್ಮಾ, ಹೊನ್ನಾಳಿಯಾಗಲಿ, ಚನ್ನಗಿರಿಯಾಗಲಿ, ನ್ಯಾಮತಿ, ಜಗಳೂರಾಗಲಿ, ಸರ್ಕಲ್ಲಿನ ಫ್ಲೆಕ್ಸ್ ಮಾತ್ರ ಒಂದೇ ಥರ. ಮೇಲೆ ದೊಡ್ಡವರ ಮುಖ, ಕೆಳಗೆ ಅವರಿಗಿಂತ ಚಿಕ್ಕವರು, ತಳದ ಸಾಲಿನಲ್ಲಿ ಅಂಚೆಚೀಟಿಯಷ್ಟು ಗಾತ್ರದಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡ ನೀನು, ‘ಶುಭ ಕೋರುವವರು’. ನಾಯಕರನ್ನು ಮೆಚ್ಚಬೇಡ ಅನ್ನುವವನಲ್ಲ ನಾನು. ಯಾರನ್ನೂ ಮೆಚ್ಚದ ವಯಸ್ಸು ಅದೆಂಥ ವಯಸ್ಸು? ಆದರೆ ಹಾರ ಹಾಕುವ ಮೊದಲು ಇಷ್ಟು ವಿಚಾರಿಸು: ತನಗೇನೂ ಲಾಭವಿಲ್ಲದ ಹೊತ್ತಿನಲ್ಲಿ ಈ ಮನುಷ್ಯ ಏನು ಮಾಡಿದ?

ನಮ್ಮ ಜೆ.ಎಚ್. ಪಟೇಲರನ್ನೇ ತಗೋ. 1930ರಲ್ಲಿ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನಲ್ಲಿ ಹುಟ್ಟಿದವರು, ಸಮಾಜವಾದಿ ನಾಯಕ ಲೋಹಿಯಾ ವಿಚಾರದಲ್ಲಿ ಬೆಳೆದವರು. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋಗಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ ಮೊದಲಿಗರು. ಇಷ್ಟು ನಿನಗೂ ಬಾಯಿಪಾಠ, ಪರೀಕ್ಷೆಗೆ ಬರುತ್ತದಲ್ಲ! ಒಳಗಿನ ಸಂಗತಿ ಕೇಳು. ಸಂವಿಧಾನದ 120ನೇ ವಿಧಿಯಂತೆ, ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ತನ್ನ ಮಾತನ್ನು ಸರಿಯಾಗಿ ಹೇಳಲಾಗದ ಸದಸ್ಯನಿಗೆ ಸ್ಪೀಕರ್ ತಾಯ್ನುಡಿಯಲ್ಲಿ ಮಾತಾಡಲು ಅನುಮತಿ ಕೊಡಬಹುದು. ಪಟೇಲರೋ ಕಾನೂನು ಓದಿದವರು. ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ ದೆಹಲಿಯ ಪತ್ರಿಕೆಗಳಲ್ಲಿ ಹೆಸರು ಮಾಡಬಹುದಿತ್ತು. ಅದನ್ನು ಬಿಟ್ಟು, ಸಭೆಯ ಬಹುಪಾಲು ಜನಕ್ಕೆ ಅರ್ಥವಾಗದ ಭಾಷೆಯಲ್ಲೇ ಮಾತಾಡಿದರು. ನಮ್ಮ ಗಡಿಗಂಟಿದ ಅನಂತಪುರ ಜಿಲ್ಲೆಯವರಾದ ಸ್ಪೀಕರ್ ನೀಲಂ ಸಂಜೀವರೆಡ್ಡಿ ಅವಕಾಶ ಕೊಟ್ಟರು.

ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡರು. 1996ರಲ್ಲಿ ಮುಖ್ಯಮಂತ್ರಿಯಾದರು. ಮರುವರ್ಷ ಏಳು ಹೊಸ ಜಿಲ್ಲೆ ಮಾಡಿದರು. ಶಿವಮೊಗ್ಗದಲ್ಲಿದ್ದ ಚನ್ನಗಿರಿ, ಹೊನ್ನಾಳಿ, ಚಿತ್ರದುರ್ಗದಲ್ಲಿದ್ದ ಜಗಳೂರು ದಾವಣಗೆರೆಗೆ ಸೇರಿದ್ದು ಹಾಗೆ. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿನೊಳಗೇ ಇತ್ತು. ಇಷ್ಟೆಲ್ಲ ಮಾಡಿದವರನ್ನು 1999ರಲ್ಲಿ ಚನ್ನಗಿರಿಯ ಮತದಾರರೇ ಸೋಲಿಸಿದರು. ಅದೂ ಸರಿಯೇ. ಉಪಕಾರಕ್ಕೆ ಓಟಿನಲ್ಲಿ ಸಾಲ ತೀರಿಸಬೇಕೆಂದು ಯಾವ ಕಾನೂನಿದೆ? ಇನ್ನು ಅವರ ಷೋಕಿಗಳ ಕತೆ. ಅವನ್ನು ಅವರೇ ಮುಚ್ಚಿಟ್ಟವರಲ್ಲ. ಷೋಕಿ ಕಲಿಯಲು ನಿನಗೆ ಪಟೇಲರೇ ಬೇಕಾಗಿಲ್ಲ, ಬಿಡು.

ಜಗಳೂರಿನ ಮಹಮ್ಮದ್ ಇಮಾಂ ಸಾಹೇಬರ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅರಸರ ಕಾಲದ ಮೈಸೂರಿನಲ್ಲಿ ಮಂತ್ರಿಯಾಗಿದ್ದವರು. 1957ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ, 1967ರಲ್ಲಿ ಸ್ವತಂತ್ರ ಪಕ್ಷದಿಂದ ಚಿತ್ರದುರ್ಗದ ಸಂಸದರಾದರು. ಎರಡು ಸಲವೂ ದೇಶವನ್ನು ಆಳುತ್ತಿದ್ದದ್ದು ಕಾಂಗ್ರೆಸ್ಸು, ಸಾಹೇಬರು ವಿರೋಧ ಪಕ್ಷದಲ್ಲಿ. ಮುಸ್ಲಿಮರು ಅಲ್ಪಸಂಖ್ಯಾತರಾಗಿದ್ದ ಕ್ಷೇತ್ರ ಅದು. ಇವತ್ತು ಟಿಕೆಟ್ ಹಂಚುವಾಗ ಮೊದಲು ಜಾತಿ ಲೆಕ್ಕ ಹಾಕುವ ಮಹಾಶಯರು ಈ ಫಲಿತಾಂಶವನ್ನು ಒಂದು ಸಲ ಓದಲಿ.

ಸಮಾಜವಾದಿ ಶಾಂತವೇರಿ ಗೋಪಾಲಗೌಡರು ನಮ್ಮ ಹಳೆಯ ಶಿವಮೊಗ್ಗ ಜಿಲ್ಲೆಯವರೇ. 1952ರಲ್ಲಿ ಕೈಯಲ್ಲಿ ಕಾಸಿಲ್ಲದೆ ಚುನಾವಣೆಗೆ ನಿಂತು, ಓಟಿನ ಜೊತೆ ನೋಟನ್ನೂ ಜನರಿಂದಲೇ ಕೇಳಿ ಗೆದ್ದರು. ಈಗ ನೋಟು ಆ ಕಡೆಯಿಂದ ಈ ಕಡೆಗೆ ಬರುತ್ತಿದೆ. ಅದನ್ನು ಈಸಿಕೊಳ್ಳುವ ಕೈ ನಮ್ಮದೇ, ದೆಹಲಿಯವರದಲ್ಲ.

ನಿನಗೆ ಹದಿನೆಂಟಾಗಿದ್ದರೆ ಓಟಿದೆ. ಇಪ್ಪತ್ತೊಂದಾದರೆ ಗ್ರಾಮ ಪಂಚಾಯ್ತಿಗೆ ನಿಲ್ಲಬಹುದು. ಅಲ್ಲಿಯವರೆಗೆ ಸುಮ್ಮನೆ ಕೂರಬೇಡ. ನಿಮ್ಮೂರಿನ ಮುಂದಿನ ಗ್ರಾಮಸಭೆಗೆ ಹೋಗು, ತಂಗಿಯನ್ನೂ ಕರೆದುಕೊಂಡು ಹೋಗು. ಉದ್ಯೋಗ ಖಾತ್ರಿ ಕೆಲಸದ ಪಟ್ಟಿ, ಕೆರೆ ಹೂಳಿನ ಬಿಲ್ಲು, ಕುಡಿಯುವ ನೀರಿನ ಖರ್ಚು, ಇವುಗಳಲ್ಲಿ ಒಂದನ್ನಾದರೂ ಪೂರ್ತಿ ಓದಿಕೊಂಡು ಹೋಗಿ, ಎದ್ದು ನಿಂತು ಕೇಳು.