ಇದ್ದುದರಲ್ಲಿ ಒಂದು ಹಿಡಿ

ದಿವಾನ್ ಶೇಷಾದ್ರಿ ಅಯ್ಯರರ ಹೆಸರನ್ನು ಹೊತ್ತು 1892ರಲ್ಲಿ ಏರ್ಪಟ್ಟ ಶೇಷಾದ್ರಿಪುರದ ಒಂದು ಅಡ್ಡರಸ್ತೆಯಲ್ಲಿ, ವಠಾರದ ಎರಡು ಕೋಣೆಗಳ ಹೆಂಚಿನ ಮನೆಯಲ್ಲಿ ನಾನು ಬೆಳೆದೆನು. ತಂದೆಯವರು ಹತ್ತಿಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದರು. ತಿಂಗಳ ಇಪ್ಪತ್ತನೆಯ ತಾರೀಖು ದಾಟಿತೆಂದರೆ ಅಕ್ಕಿಯ ಡಬ್ಬದ ತಳಕ್ಕೆ ಪಾವು ತಾಗುವ ಸದ್ದು ಅಡುಗೆಮನೆಯಿಂದ ಕೇಳಿಬರುತ್ತಿದ್ದಿತು. ಅದರ ಬೆನ್ನಿಗೇ, ಅಮ್ಮ ಅಳೆದ ಅಕ್ಕಿಯಿಂದ ಒಂದು ಹಿಡಿಯನ್ನು ಮರಳಿ ತೆಗೆದು, ಗೂಡಿನಲ್ಲಿದ್ದ ತಗಡಿನ ಡಬ್ಬಿಗೆ ಸುರಿಯುವ ಸದ್ದು. ಭಾನುವಾರ ಆ ಹಿಡಿಯಕ್ಕಿಯು ಬಟ್ಟೆಯ ಚೀಲದಲ್ಲಿ ನಮ್ಮೊಡನೆ ಆರಾಧನೆಗೆ ಬಂದು ಕಾಣಿಕೆಯಾಗಿ ಅರ್ಪಿತವಾಗುತ್ತಿದ್ದಿತು.

ಗಿರಣಿಯು ಮೂರು ತಿಂಗಳು ಬಾಗಿಲು ಮುಚ್ಚಿದ ವರ್ಷ ನನಗೆ ಹನ್ನೆರಡು ವಯಸ್ಸು. ರಾತ್ರಿಯ ಅನ್ನವು ಗಂಜಿಯಾಗಿ, ಹಗಲಿನದು ಮುದ್ದೆಯಾಗಿ ಮಾರ್ಪಟ್ಟರೂ ಆ ಡಬ್ಬಿಗೆ ಅಕ್ಕಿ ಬೀಳುವುದು ನಿಲ್ಲದಿರಲು, ನಾನು ತಡೆಯಲಾರದೆ ಕೇಳಿದೆನು:

“ಅಮ್ಮಾ, ನಮಗೇ ಸಾಲದಲ್ಲ, ಇದನ್ನ ಯಾಕೆ ತೆಗೀತೀಯ?”

“ಇದ್ದದ್ದರಲ್ಲಿ ತೆಗೀತಿದೀನಿ ಕಣೋ, ಇಲ್ಲದ್ದರಲ್ಲಿ ಅಲ್ಲ.”

ಆಗ ಅವಳ ಕೈಯನ್ನು ನೋಡಿದೆನು. ಹಿಡಿಯು ಕಿರಿದಾಗಿದ್ದಿತು, ಮೂರು ಬೆರಳುಗಳಲ್ಲಿ ಹಿಡಿಯುವಷ್ಟೇ ಅಕ್ಕಿ. ಆ ಮೂರು ತಿಂಗಳಲ್ಲಿ ಅವಳು ಅಂಗಡಿಯಿಂದ ಉದ್ದರಿ ತಂದು ಕಾಣಿಕೆಯನ್ನು ಹಿಗ್ಗಿಸಲೂ ಇಲ್ಲ, ಕೊರತೆಯ ನೆಪದಿಂದ ಕಾಣಿಕೆಯನ್ನು ಬಿಡಲೂ ಇಲ್ಲ.

ನಮ್ಮ ಮಾಡಿನ ಹೆಂಚುಗಳ ಮೇಲೆ ಬಾಸೆಲ್ ಮಿಶನ್ನಿನ ಹೆಸರು ಅಚ್ಚೊತ್ತಿದ್ದಿತು. 1834ರಲ್ಲಿ ಮಂಗಳೂರಿಗೆ ಬಂದು, ಕಿಟ್ಟೆಲರ ನಿಘಂಟನ್ನು 1894ರಲ್ಲಿ ಅಚ್ಚುಮಾಡಿ ಕನ್ನಡಿಗರ ಕೈಗಿತ್ತ ಆ ಸಂಸ್ಥೆಯನ್ನು ಸಿರಿವಂತರೇ ಸಾಕಿರಬೇಕೆಂದು ನಾನು ಬಹುಕಾಲ ಭಾವಿಸಿದ್ದೆನು. ವಾಸ್ತವದಲ್ಲಿ, 1850ರ ದಶಕದಲ್ಲಿ ಬಾಸೆಲ್ ನಗರದ ಕಾರ್ಲ್ ಸರಾಸಿನ್ ಎಂಬವರು ಆರಂಭಿಸಿ ನಡೆಸಿದ ಅರ್ಧ ಬಾಟ್ಸನ್ ವಂತಿಗೆಯು, ಅಂದರೆ ಮನೆಮನೆಯಿಂದ ವಾರಕ್ಕೊಮ್ಮೆ ಎತ್ತಿದ ಐದು ರಾಪ್ಪೆನ್, ಒಂದು ಫ್ರಾಂಕಿನ ಇಪ್ಪತ್ತನೆಯ ಪಾಲು, ಆ ಮಿಶನ್ನಿನ ದೊಡ್ಡ ಆಧಾರಗಳಲ್ಲೊಂದಾಗಿದ್ದಿತು. ಮಂಗಳೂರನ್ನು ಎಂದೂ ಕಾಣದ ಬಡ ಮನೆಗಳ ಕಾಸು ಕಡಲನ್ನು ದಾಟಿ ಬಂದುದನ್ನು ಅರಿತಾಗ, ಅಮ್ಮನ ತಗಡಿನ ಡಬ್ಬಿಯು ನನಗೆ ನೆನಪಾಯಿತು.

ಆದರೆ ನೆನಪಿನಲ್ಲಿರುವುದೆಲ್ಲ ನಡತೆಯಲ್ಲಿರುವುದಿಲ್ಲ. ನಾನು ಉಪಾಧ್ಯಾಯನಾಗಿ ತಿಂಗಳಿಗೆ 1,100 ರೂಪಾಯಿ ಗಳಿಸುತ್ತಿದ್ದ ಕಾಲದಲ್ಲಿ, ಸಭೆಯ ಸುಗ್ಗಿಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ 600 ರೂಪಾಯಿ ಕೂಗಿದೆನು. ಅದನ್ನು ವಿಶ್ವಾಸವೆಂದು ಕರೆದುಕೊಂಡೆನು. ದೇವರು ಇಮ್ಮಡಿಯಾಗಿ ತುಂಬಿಕೊಡುವನೆಂದು ಹೆಂಡತಿಗೂ ಹೇಳಿದೆನು. ಮರುವಾರವೇ ಮಗಳ ಶಾಲೆಯ ಫೀಜಿಗೆ ಸಹೋದ್ಯೋಗಿಯಿಂದ ಕೈಸಾಲ ತರಬೇಕಾಯಿತು. ಅದು ತೀರಲು ಎಂಟು ತಿಂಗಳು ಹಿಡಿದವು. ಆ ಎಂಟು ತಿಂಗಳಲ್ಲಿ ನಾನು ಓದಿದ್ದು, ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೆಯ ಅಧ್ಯಾಯವನ್ನು. ಮನಃಪೂರ್ವಕವಾದ ದಾನವನ್ನು ಕೊಡುವವನ ಬಳಿ ಇರುವುದರಿಂದ ಅಳೆಯಬೇಕಲ್ಲದೆ ಇಲ್ಲದಿರುವುದರಿಂದ ಅಳೆಯಲಾಗದೆಂಬ ಅಭಿಪ್ರಾಯವನ್ನು ಅಲ್ಲಿ ಕಂಡಾಗ, ಅದು ಅಡುಗೆಮನೆಯಲ್ಲಿ ಹನ್ನೆರಡನೆಯ ವಯಸ್ಸಿನಲ್ಲೇ ನಾನು ಕೇಳಿದ್ದ ಮಾತೆಂದು ತಿಳಿದು ಕಣ್ಣು ತುಂಬಿತು.

ಚಾರೆಪ್ತದ ವಿಧವೆಯ ಕಥೆಯನ್ನೂ ಅಂದಿನಿಂದ ಬೇರೆ ರೀತಿಯಲ್ಲಿ ಓದುತ್ತಿದ್ದೇನೆ. ತನ್ನ ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಮೊಗೆಯಲ್ಲಿ ತುಸು ಎಣ್ಣೆ ಇರುವುದೆಂದು ಆಕೆ ಪ್ರವಾದಿಯಾದ ಎಲೀಯನಿಗೆ ಮುಚ್ಚುಮರೆಯಿಲ್ಲದೆ ಲೆಕ್ಕ ಹೇಳಿದಳು. ಇದ್ದ ಆ ಹಿಡಿಯಲ್ಲೇ ಮೊದಲ ರೊಟ್ಟಿಯನ್ನು ಅವನಿಗೆ ಕೊಟ್ಟಳು. ಬರಗಾಲ ಮುಗಿಯುವವರೆಗೂ ಮಡಕೆಯು ಬರಿದಾಗಲಿಲ್ಲ. ಆದರೆ ಅದು ಕಣಜವೂ ಆಗಲಿಲ್ಲ. ದಿನದ ಹಿಟ್ಟು ದಿನಕ್ಕೆ ಒದಗಿತು. ಐದು ರೊಟ್ಟಿಗಳಿಂದ ಐದು ಸಾವಿರ ಜನರಿಗೆ ಉಣಿಸಿದ ಕರ್ತನು ಸಹ ಉಳಿದ ತುಂಡುಗಳನ್ನು ಕೂಡಿಸಿರೆಂದು ಶಿಷ್ಯರಿಗೆ ಅಪ್ಪಣೆ ಮಾಡಿದನು. ಹನ್ನೆರಡು ಪುಟ್ಟಿಗಳು ತುಂಬಿದವು. ಲೆಕ್ಕವಿಡುವುದೂ ಕೂಡಿಡುವುದೂ ಅವಿಶ್ವಾಸವೆಂದು ಅನ್ನುವವರು ಈ ಪುಟ್ಟಿಗಳನ್ನು ನೆನೆಯಬೇಕು.

ನಿವೃತ್ತಿವೇತನ ಬಂದ ದಿನ ನಮ್ಮ ಮನೆಯಲ್ಲಿ ಮೂರು ಲಕೋಟೆಗಳನ್ನು ಇಡುತ್ತೇವೆ. ಮೊದಲನೆಯದು ಕಾಣಿಕೆಗೆ, ಎರಡನೆಯದು ದಿನಸಿ, ಹಾಲು, ಔಷಧಿ, ಕರೆಂಟು ಬಿಲ್ಲುಗಳಿಗೆ, ಮೂರನೆಯದು ಅಂಚೆ ಕಚೇರಿಯ ಆರ್.ಡಿ.ಗೆ. ತಿಂಗಳಿಗೆ 100 ರೂಪಾಯಿಯಿಂದಲೇ ತೆರೆಯಬಹುದಾದ, 5 ವರ್ಷಕ್ಕೆ ಪಕ್ವವಾಗುವ ಈ ಖಾತೆಯನ್ನು ಸಣ್ಣ ಆದಾಯದವರಿಗೆ ನಿಸ್ಸಂಕೋಚವಾಗಿ ಹೇಳುವೆನು. ಕೊಟ್ಟರೆ ಹತ್ತುಪಾಲು ಹಿಂತಿರುಗುವುದೆಂದು ಆಸೆ ಹುಟ್ಟಿಸುವ ಬೋಧನೆಗೆ ಕಿವಿಗೊಡಬೇಡಿರಿ. ಅದು ದೇವರೊಡನೆ ವ್ಯಾಪಾರವೇ ಹೊರತು ಭಕ್ತಿಯಲ್ಲ.

ಸಾಲದಲ್ಲಿ ಮುಳುಗಿರುವವರು, ತಾವೇನು ಕೊಡಬೇಕೆಂದು ನನ್ನನ್ನು ಕೇಳುವುದುಂಟು. ಸಾಲ ಕೊಟ್ಟವನಿಗೆ ಸಲ್ಲಬೇಕಾದ ಹಣವು ನಿಮ್ಮದಲ್ಲ, ಅದನ್ನು ಮೊದಲು ತೀರಿಸಿರಿ. ಉಳಿದ ಅಲ್ಪದಲ್ಲಿ ಮೂರು ಬೆರಳಿನಷ್ಟನ್ನಾದರೂ ತೆಗೆದಿಡಿರಿ ಎಂದು ಅವರಿಗೆ ಹೇಳುತ್ತೇನೆ. ಅಷ್ಟನ್ನೇ ತೆಗೆದಿಟ್ಟ ಮೂರು ತಿಂಗಳು ನಮ್ಮ ಮನೆಯಲ್ಲಿ ಯಾರೂ ಹಸಿದು ಮಲಗಲಿಲ್ಲ.